ವಿದ್ಯಾರ್ಥಿ ರಿಯಾಯಿತಿಯ ಸ್ಕೀ ಪಾಸ್: 26ನೇ ವಯಸ್ಸಿನಲ್ಲಿ ಅದು ನನಗೆ ದಕ್ಕುತ್ತದೆಯೇ?

ವಿದ್ಯಾನಗರ, ದಾವಣಗೆರೆ (ಪ್ರಶ್ನೆ)

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ಮೂರು ವರ್ಷ ಕೆಲಸ ಮಾಡಿ, ಈಗ ಮ್ಯೂನಿಕ್‌ನಲ್ಲಿ ಸ್ನಾತಕೋತ್ತರ ಪದವಿಯ ಎರಡನೇ ವರ್ಷಕ್ಕೆ ಕಾಲಿಡುತ್ತಿರುವ ವಿದ್ಯಾರ್ಥಿನಿ ನಾನು. ಸೆಮಿಸ್ಟರ್ ರಜೆಗೆ ಊರಿಗೆ ಬಂದಿದ್ದೇನೆ, ಅಕ್ಟೋಬರ್ ಮೊದಲ ವಾರ ಹಿಂದಿರುಗುತ್ತೇನೆ. ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀ ಕ್ರೀಡೆಗೆ, ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್‌ಗಳನ್ನು ಬಳಸಲು ಬೇಕಾದ ಚಳಿಗಾಲದ ಸ್ಕೀ ಪಾಸ್‌ಗಳ ಮುಂಗಡ ಮಾರಾಟ ಈ ದಿನಗಳಲ್ಲೇ ನಡೆಯುವುದರಿಂದ ತೀರ್ಮಾನವನ್ನು ಈಗಲೇ ಮಾಡಬೇಕಾಗಿದೆ.

ಕಳೆದ ಚಳಿಗಾಲದಲ್ಲಿ ನಡೆದದ್ದನ್ನು ಮೊದಲು ಹೇಳುತ್ತೇನೆ. ಸಹಪಾಠಿಗಳೊಂದಿಗೆ ಆಲ್ಪ್ಸ್‌ನ ಒಂದು ಸ್ಕೀ ತಾಣಕ್ಕೆ ಹೋಗುವಾಗ ವಿದ್ಯಾರ್ಥಿ ದರದ ದಿನದ ಪಾಸನ್ನು ಆನ್‌ಲೈನ್‌ನಲ್ಲಿ ಕೊಂಡಿದ್ದೆ. ಕೌಂಟರಿನಲ್ಲಿ ಗುರುತಿನ ಚೀಟಿ ತೋರಿಸಿದಾಗ, ವಿದ್ಯಾರ್ಥಿ ದರವು 25 ವರ್ಷ ತುಂಬುವವರೆಗೆ ಮಾತ್ರ ಎಂದು ಹೇಳಿ, ವಯಸ್ಕರ ದರದೊಂದಿಗಿನ ವ್ಯತ್ಯಾಸವನ್ನು ಅಲ್ಲಿಯೇ ಕಟ್ಟಿಸಿಕೊಂಡರು. ನಿಯಮ ಅವರ ಜಾಲತಾಣದಲ್ಲಿ ಬರೆದೇ ಇತ್ತು, ನಾನು ಓದಿರಲಿಲ್ಲ. ಸರತಿಯಲ್ಲಿ ಹಿಂದೆ ನಿಂತವರೆಲ್ಲ ನೋಡುತ್ತಿದ್ದಾಗ ಆದ ಸಂಕೋಚ ಇನ್ನೂ ಮರೆತಿಲ್ಲ. ಅದಕ್ಕಿಂತ ಹೆಚ್ಚು ನೋಯಿಸಿದ್ದೆಂದರೆ, ಅಷ್ಟು ಹಣ ಕೊಟ್ಟು ಪಡೆದ ಪಾಸಿನಲ್ಲಿ ನಾನು ಇಡೀ ದಿನ ಬಳಸಿದ್ದು ಮಕ್ಕಳು ಕಲಿಯುವ ಚಿಕ್ಕ ಇಳಿಜಾರನ್ನು ಮಾತ್ರ.

ಆದರೂ ಈ ಕ್ರೀಡೆಯನ್ನು ಕಲಿಯಬೇಕೆಂಬ ಆಸೆ ಬಲವಾಗಿದೆ. ಒಬ್ಬ ಗೆಳತಿ ಇಡೀ ಋತುವಿನ ಪಾಸ್ ತೆಗೆದುಕೊಂಡುಬಿಡು ಎನ್ನುತ್ತಾಳೆ. ಓದಿನ ಸಾಲ ಇರುವ ಮನೆ ನಮ್ಮದು, ಒಂದೊಂದು ಯೂರೋವನ್ನೂ ಅಪ್ಪ ರೂಪಾಯಿಗೆ ಗುಣಿಸಿ ನೋಡುತ್ತಾರೆ. ಅನುಭವಿಗಳು ದಯವಿಟ್ಟು ವಿವರವಾಗಿ ತಿಳಿಸಬೇಕು.

ಇನ್ಸ್‌ಬ್ರುಕ್‌ನಿಂದ, ಮೂಲ ಊರು ಹಿರಿಯೂರು

ನಿಮ್ಮ ಅನುಭವ ಅಪರೂಪದ್ದಲ್ಲ. ನಮ್ಮ ಕಡೆಯಿಂದ ಬರುವವರಲ್ಲಿ ಹೆಚ್ಚಿನವರು ಎರಡು ಮೂರು ವರ್ಷ ನೌಕರಿ ಮಾಡಿ, ಹಣ ಕೂಡಿಸಿಕೊಂಡು ಬರುವುದರಿಂದ, ಓದು ಆರಂಭಿಸುವ ಹೊತ್ತಿಗೆ ವಯಸ್ಸು 25ರ ಗಡಿಯಲ್ಲಿರುತ್ತದೆ. ಯುರೋಪಿನ ಸ್ಕೀ ತಾಣಗಳಲ್ಲಿ ವಿದ್ಯಾರ್ಥಿ ದರಕ್ಕೆ ವಯೋಮಿತಿಯನ್ನು ಇಟ್ಟಿರುವುದು ಸಾಮಾನ್ಯ. ಕೆಲವು ಕಡೆ ಅದು 25, ಕೆಲವು ಕಡೆ 26 ಅಥವಾ 27. ಅದರಲ್ಲಿಯೂ ಕೆಲವರು ಹುಟ್ಟಿದ ದಿನಾಂಕವನ್ನು ನೋಡಿದರೆ, ಇನ್ನು ಕೆಲವರು ಹುಟ್ಟಿದ ಇಸವಿಯನ್ನು ಮಾತ್ರ ನೋಡುತ್ತಾರೆ. ಇಸವಿ ನೋಡುವ ತಾಣದಲ್ಲಿ ಜನವರಿಯಲ್ಲಿ ಹುಟ್ಟಿದವರಿಗೂ ಡಿಸೆಂಬರ್‌ನಲ್ಲಿ ಹುಟ್ಟಿದವರಿಗೂ ಒಂದೇ ನ್ಯಾಯ. ಆದ್ದರಿಂದ ಹಣ ಕಟ್ಟುವ ಮೊದಲು ದರಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿರುವ ನಿಯಮವನ್ನೇ ಮೊದಲು ಓದಬೇಕು. ದೊಡ್ಡ ಅಕ್ಷರದ ಬೆಲೆಯನ್ನು ಆಮೇಲೆ ನೋಡಿದರಾಯಿತು.

ದಾಖಲೆಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ಕಾಲೇಜಿನ ಗುರುತಿನ ಚೀಟಿಯೊಂದೇ ಸಾಲದೆ, ಆ ಸೆಮಿಸ್ಟರಿನ ದಾಖಲಾತಿ ಪ್ರಮಾಣಪತ್ರವನ್ನೂ ಫೋಟೋ ಇರುವ ಸರ್ಕಾರಿ ಗುರುತನ್ನೂ ಕೇಳುವ ತಾಣಗಳಿವೆ. ಈ ಪ್ರಮಾಣಪತ್ರವನ್ನು ನಿಮ್ಮ ವಿಶ್ವವಿದ್ಯಾಲಯದ ಪೋರ್ಟಲ್‌ನಿಂದ ಇಳಿಸಿಕೊಳ್ಳಬಹುದು. ಪೂರ್ಣಾವಧಿ ವಿದ್ಯಾರ್ಥಿ ಎಂಬ ಷರತ್ತು ಇದ್ದಲ್ಲಿ ಅದರ ಮೇಲೆ ಹಾಗೆಂದು ನಮೂದಾಗಿದೆಯೇ ಎಂದು ನೋಡಿಕೊಳ್ಳಿ. ಪಾಸ್ ಎಂದರೆ ಸಾಮಾನ್ಯವಾಗಿ ಚಿಪ್ ಇರುವ ಪ್ಲಾಸ್ಟಿಕ್ ಕಾರ್ಡು. ಅದಕ್ಕೆ ಬೇರೆಯಾಗಿ ಕೆಲವು ಯೂರೋ ಶುಲ್ಕ ಅಥವಾ ಠೇವಣಿ ಇರುತ್ತದೆ. ಜಾಕೆಟಿನ ಎಡಗಡೆಯ ಜೇಬಿನಲ್ಲಿ, ಮೊಬೈಲ್‌ನಿಂದ ದೂರ ಇಟ್ಟುಕೊಂಡರೆ ಗೇಟು ತಾನಾಗಿಯೇ ತೆರೆಯುತ್ತದೆ. ಕಾರ್ಡನ್ನು ಎಸೆಯದೆ ಇಟ್ಟುಕೊಂಡರೆ ಮುಂದಿನ ಸಲ ಅದರ ಮೇಲೆಯೇ ಹಣ ತುಂಬಿಸಿಕೊಳ್ಳಬಹುದು.

ಆದರೆ ನಿಮಗೆ ನಾನು ಹೇಳಬೇಕಾದ ಮುಖ್ಯ ಮಾತು ಬೇರೆಯೇ ಇದೆ. ಹೊಸದಾಗಿ ಕಲಿಯುವವರಿಗೆ ನಿಜವಾದ ರಿಯಾಯಿತಿ ಸಿಗುವುದು ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದಲ್ಲಿ, ಲಿಫ್ಟ್ ಕೌಂಟರಿನಲ್ಲಿ ಅಲ್ಲ. ನಾನಿರುವ ಆಸ್ಟ್ರಿಯಾದ ಅನೇಕ ವಿಶ್ವವಿದ್ಯಾಲಯ ನಗರಗಳಲ್ಲಿ ಯುಎಸ್‌ಐ ಎಂಬ ವಿಶ್ವವಿದ್ಯಾಲಯ ಕ್ರೀಡಾ ಸಂಸ್ಥೆ ಇದೆ. ಜ್ಯೂರಿಕ್‌ನಲ್ಲಿ ಎಎಸ್‌ವಿಜೆಡ್, ಮ್ಯೂನಿಕ್‌ನಲ್ಲಿ ಜೆಡ್‌ಎಚ್‌ಎಸ್ ಇವೆ. ಇವು ಬೋಧಕರ ಸಮೇತ ಸ್ಕೀ ತರಬೇತಿಗಳನ್ನೂ ಪ್ರವಾಸಗಳನ್ನೂ ವಿದ್ಯಾರ್ಥಿಗಳಿಗಾಗಿಯೇ ನಡೆಸುತ್ತವೆ. ನನ್ನ ಮೊದಲ ವಾರದ ತರಬೇತಿಯನ್ನು ನಾನು ಪಡೆದದ್ದು ಅಲ್ಲಿಯೇ. ಬೀಳುವುದು ಹೇಗೆ, ಬಿದ್ದ ಮೇಲೆ ಸ್ಕೀಯನ್ನು ಇಳಿಜಾರಿಗೆ ಅಡ್ಡವಾಗಿ ಇಟ್ಟು ಏಳುವುದು ಹೇಗೆ ಎಂಬುದರಿಂದ ಹಿಡಿದು, ಸ್ಕೀಗಳ ಮೂತಿಗಳನ್ನು ಕೂಡಿಸಿ ವೇಗ ತಗ್ಗಿಸುವವರೆಗೆ ಕಲಿಸಿದರು. ಮೊದಲ ಎರಡು ದಿನ ಇಡೀ ತಾಣದ ಪಾಸಿನ ಅಗತ್ಯವೇ ಬೀಳಲಿಲ್ಲ. ಕಲಿಯುವವರಿಗಾಗಿ, ನಿಂತವರನ್ನು ಮೇಲಕ್ಕೆ ಒಯ್ಯುವ ಚಲಿಸುವ ಪಟ್ಟಿ ಮತ್ತು ಚಿಕ್ಕ ಲಿಫ್ಟ್‌ಗಳಿಗೆ ಮಾತ್ರ ಅನ್ವಯಿಸುವ ಕಡಿಮೆ ಬೆಲೆಯ ಟಿಕೆಟ್ ಅನೇಕ ತಾಣಗಳಲ್ಲಿ ಇದೆ, ಆದರೆ ನಾವು ಕೇಳದಿದ್ದರೆ ಕೌಂಟರಿನಲ್ಲಿ ಅದನ್ನು ತಾವಾಗಿ ಹೇಳುವುದು ಕಡಿಮೆ. ನೀವು ಕಳೆದ ವರ್ಷ ಕೊಳ್ಳಬೇಕಾಗಿದ್ದದ್ದು ಅದನ್ನು. ಈ ತರಬೇತಿಗಳ ನೋಂದಣಿ ತೆರೆದ ಕೂಡಲೇ ತುಂಬಿಹೋಗುತ್ತದೆ, ಊರಿನಲ್ಲಿದ್ದುಕೊಂಡೇ ದಿನಾಂಕವನ್ನು ಗುರುತು ಹಾಕಿಕೊಳ್ಳಿ.

ಪಿ.ಜೆ. ಬಡಾವಣೆ, ದಾವಣಗೆರೆ (ಅರ್ಥಶಾಸ್ತ್ರ ಉಪನ್ಯಾಸಕ)

ನಾನು ಸ್ಕೀ ಮಾಡಿದವನಲ್ಲ, ಆದರೆ ಈ ದರಗಳ ಹಿಂದಿನ ಲೆಕ್ಕಾಚಾರ ನನ್ನ ಪಾಠದ ವಿಷಯವಾದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಹುಡುಗರು ಹರಿಹರದಿಂದಲೋ ಚನ್ನಗಿರಿಯಿಂದಲೋ ದಾವಣಗೆರೆಗೆ ಓಡಾಡುವ ಬಸ್ ಪಾಸನ್ನು ನೆನಪಿಸಿಕೊಳ್ಳಿ. ಅದು ಸರ್ಕಾರ ಹಣ ಕೊಟ್ಟು ನಡೆಸುವ ಸೌಲಭ್ಯ, ಓದು ನಿಲ್ಲಬಾರದೆಂಬುದು ಅದರ ಉದ್ದೇಶ. ಸ್ಕೀ ತಾಣದ ವಿದ್ಯಾರ್ಥಿ ದರ ಆ ಜಾತಿಯದಲ್ಲ, ಅದು ವ್ಯಾಪಾರದ ನಿರ್ಧಾರ. ಲಿಫ್ಟ್ ನಡೆಸುವ ವೆಚ್ಚ, ಅಂದರೆ ವಿದ್ಯುತ್ತು, ಸಿಬ್ಬಂದಿ, ಕೃತಕ ಹಿಮ, ರಾತ್ರಿಯಿಡೀ ಇಳಿಜಾರನ್ನು ಸಮ ಮಾಡುವ ಯಂತ್ರಗಳು, ಇವೆಲ್ಲ ಲಿಫ್ಟಿನ ಕುರ್ಚಿ ತುಂಬಿದರೂ ಖಾಲಿ ಇದ್ದರೂ ಹೆಚ್ಚುಕಡಿಮೆ ಒಂದೇ. ಮಂಗಳವಾರ ಖಾಲಿ ಹೋಗುವ ಕುರ್ಚಿಯಲ್ಲಿ ಕಡಿಮೆ ಹಣ ಕೊಡುವ ವಿದ್ಯಾರ್ಥಿಯೊಬ್ಬ ಕುಳಿತರೂ ಅವರಿಗೆ ಲಾಭವೇ. ಅವನು ನೌಕರಿಗೆ ಸೇರಿದ ಮೇಲೆ ಕುಟುಂಬದೊಂದಿಗೆ ಪೂರ್ಣ ದರ ಕೊಟ್ಟು ಬರುತ್ತಾನೆಂಬ ನಿರೀಕ್ಷೆಯೂ ಅದರಲ್ಲಿ ಸೇರಿದೆ.

ಇದನ್ನು ಅರಿತುಕೊಂಡರೆ "ವಿದ್ಯಾರ್ಥಿ" ಎಂಬ ಪದ ಇರುವ ದರವೇ ಎಲ್ಲಕ್ಕಿಂತ ಅಗ್ಗ ಎಂಬ ಭ್ರಮೆ ಹೋಗುತ್ತದೆ. 2016ರಲ್ಲಿ ಸ್ವಿಟ್ಜರ್ಲೆಂಡಿನ ಸಾಸ್‌ಫೀ ಎಂಬ ತಾಣವು 99,999 ಮಂದಿ ಕೊಳ್ಳಲು ಮುಂದೆ ಬಂದರೆ ಇಡೀ ಋತುವಿನ ಪಾಸನ್ನು 222 ಫ್ರಾಂಕ್‌ಗೆ ಕೊಡುವುದಾಗಿ ಘೋಷಿಸಿತು. ಅದಕ್ಕೆ ಮುನ್ನ ಅಲ್ಲಿಯ ಋತು ಪಾಸಿನ ಬೆಲೆ ಸಾವಿರ ಫ್ರಾಂಕ್ ದಾಟಿತ್ತು. ಗುರಿಯ ಸಂಖ್ಯೆ ತಲುಪದಿದ್ದರೂ ಆ ಬೆಲೆಗೇ ಕೊಟ್ಟರು. ಮರುವರ್ಷ, 2017ರಲ್ಲಿ, ಆ ದೇಶದ ಫ್ರೆಂಚ್ ಭಾಷಿಕ ಭಾಗದ ಹಲವು ತಾಣಗಳು ಸೇರಿ ಮ್ಯಾಜಿಕ್ ಪಾಸ್ ಎಂಬ ಜಂಟಿ ಪಾಸನ್ನು ತಂದವು. ಇಂತಹ ಪಾಸ್‌ಗಳಲ್ಲಿ ಬೇಗ ಕೊಂಡವರಿಗೇ ದೊಡ್ಡ ಉಳಿತಾಯ. ವಿಮಾನದ ಟಿಕೆಟ್‌ನಂತೆ ದಿನದಿನಕ್ಕೂ ಬೆಲೆ ಬದಲಾಗುವ ಪದ್ಧತಿಯನ್ನು ಈಗ ಸ್ವಿಟ್ಜರ್ಲೆಂಡಿನ ಅನೇಕ ತಾಣಗಳು ಅನುಸರಿಸುತ್ತಿರುವುದರಿಂದ, ಮೂರು ವಾರ ಮುಂಚೆ ಕೊಂಡ ವಯಸ್ಕರ ಪಾಸು ಆ ದಿನ ಬೆಳಗ್ಗೆ ಕೊಂಡ ವಿದ್ಯಾರ್ಥಿ ಪಾಸಿಗಿಂತ ಅಗ್ಗವಾಗಿರುವ ಸಾಧ್ಯತೆ ಇದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ನಿಮ್ಮ ಕೆಲಸ.

ಐಎಸ್‌ಐಸಿ ಎಂಬ ಅಂತರರಾಷ್ಟ್ರೀಯ ವಿದ್ಯಾರ್ಥಿ ಗುರುತಿನ ಚೀಟಿ 1953ರಿಂದ ಇದೆ. ಪೂರ್ಣಾವಧಿ ವಿದ್ಯಾರ್ಥಿಗೆ 12 ವರ್ಷ ತುಂಬಿದ್ದರೆ ಸಾಕು, ಮೇಲಿನ ವಯೋಮಿತಿ ಇಲ್ಲ. ಆದರೆ ಆ ಚೀಟಿ ನೀವು ವಿದ್ಯಾರ್ಥಿನಿ ಎಂಬುದನ್ನು ಮಾತ್ರ ರುಜುವಾತು ಮಾಡುತ್ತದೆ. ತಾಣದವರು ಇಟ್ಟಿರುವ ವಯೋಮಿತಿಯನ್ನು ಅದು ಮೀರಲಾರದು.

ಕೆ.ಟಿ.ಜೆ. ನಗರ, ದಾವಣಗೆರೆ

ಇಷ್ಟೆಲ್ಲ ಏಕೆ? ನನ್ನ ಅಣ್ಣನ ಮಗ ಅಲ್ಲಿದ್ದಾಗ ಕಿರಿಯ ಗೆಳೆಯನ ಪಾಸನ್ನು ಪಡೆದು ಹೋಗಿಬರುತ್ತಿದ್ದನಂತೆ. ಹೆಲ್ಮೆಟ್, ಕನ್ನಡಕ, ಮುಖವಸ್ತ್ರ ಹಾಕಿದ ಮೇಲೆ ಯಾರು ಯಾರೆಂದು ಯಾರಿಗೆ ತಿಳಿಯುತ್ತದೆ?

ಇನ್ಸ್‌ಬ್ರುಕ್‌ನಿಂದ, ಮೂಲ ಊರು ಹಿರಿಯೂರು

ಹಿರಿಯರಿಗೆ ವಿನಯದಿಂದಲೇ ಉತ್ತರಿಸುತ್ತೇನೆ, ಏಕೆಂದರೆ ಈ ಸಲಹೆಯನ್ನು ನಂಬಿ ಯಾರಾದರೂ ತೊಂದರೆಗೆ ಸಿಲುಕಬಾರದು. ಪಾಸು ವರ್ಗಾಯಿಸಲು ಬರುವುದಿಲ್ಲ. ಋತು ಪಾಸಿನಲ್ಲಿ ಫೋಟೋ ಇರುತ್ತದೆ. ಅನೇಕ ಕಡೆ ಗೇಟಿನ ಬಳಿ ಕ್ಯಾಮೆರಾ ಇದ್ದು, ಆ ದಿನದ ಮೊದಲ ಪ್ರವೇಶದ ಚಿತ್ರವನ್ನು ಮುಂದಿನ ಪ್ರವೇಶಗಳ ಚಿತ್ರದೊಂದಿಗೆ ಸಿಬ್ಬಂದಿ ಹೋಲಿಸಿ ನೋಡುತ್ತಾರೆ. ಸಿಕ್ಕಿಬಿದ್ದರೆ ಪಾಸು ಮುಟ್ಟುಗೋಲು, ದಂಡ ಬೇರೆ, ಜೊತೆಗೆ ಪಾಸು ಕೊಟ್ಟ ಗೆಳೆಯನಿಗೂ ಇಡೀ ಋತು ನಷ್ಟ. ಜರ್ಮನಿಯಲ್ಲಿ ಹಣ ಕೊಡದೆ ಮೋಸದಿಂದ ಸೇವೆ ಪಡೆಯುವುದನ್ನು ದಂಡಸಂಹಿತೆಯ 265ಎ ಕಲಮು ಅಪರಾಧವೆಂದು ಪರಿಗಣಿಸುತ್ತದೆ. ವಾಸದ ಪರವಾನಗಿಯ ಮೇಲೆ ಅಲ್ಲಿರುವ ವಿದ್ಯಾರ್ಥಿಯ ಹೆಸರಿನಲ್ಲಿ ಒಂದು ಪೊಲೀಸ್ ದೂರು ದಾಖಲಾದರೆ ಅದರ ಬೆಲೆ ಯಾವ ಪಾಸಿನ ಬೆಲೆಗೂ ಹೋಲಿಕೆಯಾಗದು. ಓದು ಮುಗಿದ ಮೇಲೆ ಹಳೆಯ ಗುರುತಿನ ಚೀಟಿಯನ್ನು ತೋರಿಸಿ ರಿಯಾಯಿತಿ ಪಡೆಯುವುದೂ ಇದೇ ಸಾಲಿಗೆ ಸೇರುತ್ತದೆ. ನಮಗೆ ಹಕ್ಕಿರುವ ರಿಯಾಯಿತಿಯನ್ನು ಸಂಕೋಚವಿಲ್ಲದೆ ಕೇಳಿ ಪಡೆಯೋಣ, ಹಕ್ಕಿಲ್ಲದ್ದನ್ನು ಮುಟ್ಟುವುದು ಬೇಡ.

ಕೊಲೊರಾಡೊದಿಂದ, ಮೂಲ ಊರು ದಾವಣಗೆರೆ

ಅಮೆರಿಕಕ್ಕೆ ಓದಲು ಬರುವವರಿಗಾಗಿ ಎರಡು ಮಾತು. ಇಲ್ಲಿಯ ವ್ಯವಸ್ಥೆ ಯುರೋಪಿಗಿಂತ ಭಿನ್ನವಾಗಿದೆ. ದೊಡ್ಡ ತಾಣಗಳಲ್ಲಿ ಕೌಂಟರಿನಲ್ಲಿ ಕೊಳ್ಳುವ ಒಂದು ದಿನದ ಟಿಕೆಟ್ ಜನದಟ್ಟಣೆಯ ದಿನಗಳಲ್ಲಿ 300 ಡಾಲರ್ ಮೀರಿದ ಉದಾಹರಣೆಗಳಿವೆ. ಜನ ಬೇಸಿಗೆಯಲ್ಲಿಯೇ ಋತು ಪಾಸು ಕೊಳ್ಳಲಿ, ಆ ವರ್ಷ ಹಿಮ ಬೀಳಲಿ ಬೀಳದಿರಲಿ ಹಣ ಮೊದಲೇ ಬರಲಿ ಎಂಬುದು ಅವರ ಉದ್ದೇಶ. ಸ್ಕೀ ತಾಣಗಳನ್ನು ನಡೆಸುವ ವೇಲ್ ಕಂಪನಿ 2008ರಲ್ಲಿ ಆರಂಭಿಸಿದ, ಹಲವು ತಾಣಗಳಿಗೆ ಸಲ್ಲುವ ಎಪಿಕ್ ಪಾಸ್, 2018ರಲ್ಲಿ ಬಂದ ಐಕಾನ್ ಪಾಸ್ ಎರಡೂ ಹೀಗೆಯೇ ನಡೆಯುತ್ತವೆ. ಬೆಲೆ ವಸಂತದಲ್ಲಿ ಅತಿ ಕಡಿಮೆ ಇದ್ದು, ಶರತ್ಕಾಲದವರೆಗೆ ಹಂತಹಂತವಾಗಿ ಏರುತ್ತದೆ. ಐಕಾನ್‌ನಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ರಿಯಾಯಿತಿ ಇದ್ದು, ವಿದ್ಯಾರ್ಥಿ ಎಂಬುದನ್ನು ಆನ್‌ಲೈನ್‌ನಲ್ಲಿಯೇ ಪರಿಶೀಲಿಸುತ್ತಾರೆ.

ಆಗಸ್ಟ್‌ನಲ್ಲಿ ಬಂದಿಳಿಯುವ ನಮ್ಮ ಹುಡುಗರಿಗೆ ವಸಂತದ ಬೆಲೆ ಸಿಗುವುದಿಲ್ಲ, ವಿಶ್ವವಿದ್ಯಾಲಯದ ಇಮೇಲ್ ವಿಳಾಸ ಸಿಕ್ಕ ವಾರವೇ ವಿಚಾರಿಸಿದರೆ ಒಳ್ಳೆಯದು. ಆದರೆ ಮೊದಲ ವರ್ಷ ಇಡೀ ಪಾಸು ಕೊಳ್ಳಬೇಡಿ ಎಂಬುದೇ ನನ್ನ ಸಲಹೆ. ನಾನು ಕೊಂಡು, ಪರೀಕ್ಷೆಗಳ ನಡುವೆ ಮೂರೇ ಬಾರಿ ಹೋಗಲು ಸಾಧ್ಯವಾಯಿತು, ಕಾರಿಲ್ಲದವನಿಗೆ ಪಾಸಿಗಿಂತ ದಾರಿಯೇ ದುಬಾರಿಯಾಯಿತು. ಕೆಲವೇ ದಿನಗಳಿಗೆ ಅನ್ವಯಿಸುವ ಪಾಸ್‌ಗಳೂ ಇವೆ, ಕಲಿಯುವವರಿಗೆ ಅವು ಸೂಕ್ತ.

ಚಿತ್ರದುರ್ಗ, ಜೋಗಿಮಟ್ಟಿ ರಸ್ತೆ

ವಿದೇಶಕ್ಕೆ ಹೋಗದ ವಿದ್ಯಾರ್ಥಿಗಳ ಬಗ್ಗೆ ಯಾರೂ ಬರೆಯದಿರುವುದರಿಂದ ನಾನು ಸೇರಿಸುತ್ತಿದ್ದೇನೆ. ನಮ್ಮ ಕಾಲೇಜಿನ ಸಾಹಸ ಬಳಗದವರು ಕೋಟೆಯ ಬಂಡೆಗಳಲ್ಲಿ ಹತ್ತುವುದನ್ನು ಕಲಿತವರು. ಹಿಮವನ್ನು ಮೊದಲು ಕಂಡದ್ದು ಗುಲ್‌ಮಾರ್ಗ್‌ನಲ್ಲಿ. ಅಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಧೀನದ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ. ಮನಾಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ ಸೋಲಂಗ್ ಕಣಿವೆಯಲ್ಲಿ ತರಬೇತಿ ಕೊಡುತ್ತದೆ. ಉತ್ತರಾಖಂಡದ ಔಲಿಯಲ್ಲಿ ಗಢ್‌ವಾಲ್ ಮಂಡಲ ವಿಕಾಸ ನಿಗಮದ 7 ಮತ್ತು 14 ದಿನಗಳ ತರಬೇತಿಗಳು ಬಹುಕಾಲದಿಂದ ಹೆಸರಾಗಿವೆ. ಆದರೆ ಜೋಶಿಮಠದಲ್ಲಿ 2023ರ ಜನವರಿಯಲ್ಲಿ ನೆಲ ಕುಸಿದ ಮೇಲೆ ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇ ನಿಂತಿದ್ದರಿಂದ, ಹೊರಡುವ ಮೊದಲು ರಸ್ತೆಯ ಸ್ಥಿತಿಯನ್ನೂ ತರಬೇತಿಯ ದಿನಾಂಕವನ್ನೂ ನಿಗಮದಿಂದಲೇ ತಿಳಿದುಕೊಳ್ಳಬೇಕು.

ಈ ಸಂಸ್ಥೆಗಳ ತರಬೇತಿಗಳಲ್ಲಿ ಬೋಧನೆ, ಉಪಕರಣ, ವಸತಿ, ಊಟ ಸಾಮಾನ್ಯವಾಗಿ ಒಂದೇ ಶುಲ್ಕದಲ್ಲಿ ಸೇರಿರುತ್ತವೆ. ನಮ್ಮ ದೇಶದ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ರಿಯಾಯಿತಿ ಬೇರೆ ಇಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ಗುಲ್‌ಮಾರ್ಗ್‌ನ ಗೊಂಡೋಲಾದ, ಅಂದರೆ ತಂತಿಯ ಮೇಲೆ ಸಾಗುವ ಡಬ್ಬಿಗಳ ಲಿಫ್ಟಿನ, ಮೊದಲ ಹಂತ ಕೊಂಗ್ಡೂರಿಗೂ ಎರಡನೆಯದು ಅಫರ್ವತ್‌ನ ಸುಮಾರು 3,950 ಮೀಟರ್ ಎತ್ತರಕ್ಕೂ ಹೋಗುತ್ತದೆ. ಹೊಸಬರು ಎರಡನೇ ಹಂತದ ಟಿಕೆಟ್‌ಗೆ ಹಣ ಹಾಕುವುದು ವ್ಯರ್ಥ, ಅಲ್ಲಿಂದ ಇಳಿಯುವುದು ನುರಿತವರ ಕೆಲಸ.

ಪ್ರಯಾಣದ ಬಗ್ಗೆಯೂ ತಿಳಿದಿರಲಿ. 2020ರಲ್ಲಿ ರೈಲ್ವೆ ಅನೇಕ ರಿಯಾಯಿತಿಗಳನ್ನು ನಿಲ್ಲಿಸಿದಾಗಲೂ ವಿದ್ಯಾರ್ಥಿಗಳದ್ದನ್ನು ಉಳಿಸಿಕೊಂಡಿತು. ಊರಿಗೆ ಹೋಗಿಬರಲು ಅಥವಾ ಶೈಕ್ಷಣಿಕ ಪ್ರವಾಸಕ್ಕೆ ಸ್ಲೀಪರ್ ದರ್ಜೆಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 75 ರಿಯಾಯಿತಿ ಇದೆ. ಗೆಳೆಯರು ತಾವಾಗಿ ಹೊರಟರೆ ಅದು ಸಿಗುವುದಿಲ್ಲ. ಕಾಲೇಜು ಅದನ್ನು ಶೈಕ್ಷಣಿಕ ಪ್ರವಾಸವೆಂದು ನಿಜವಾಗಿಯೂ ನಡೆಸಿ, ಪ್ರಾಂಶುಪಾಲರು ನಿಗದಿತ ನಮೂನೆಯಲ್ಲಿ ಸಹಿ ಹಾಕಿರಬೇಕು. 2025ರ ಜೂನ್‌ನಿಂದ ಕಟ್ರಾ ಮತ್ತು ಶ್ರೀನಗರದ ನಡುವೆಯೂ ರೈಲು ಓಡುತ್ತಿರುವುದರಿಂದ, ಈಗ ಗುಲ್‌ಮಾರ್ಗ್‌ಗೆ ಸುಮಾರು 50 ಕಿಲೋಮೀಟರ್ ಹತ್ತಿರದವರೆಗೆ ರೈಲಿನಲ್ಲಿಯೇ ಹೋಗಬಹುದು. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ದೇಶವನ್ನು ಪ್ರತಿನಿಧಿಸುವ ಮಟ್ಟಕ್ಕೆ ಬೆಳೆದಿರುವಾಗ, ಹಿಮ ಬೀಳದ ನಾಡಿನವರಿಗೆ ಇದೇಕೆ ಎಂದು ನಮ್ಮ ಮಕ್ಕಳಿಗೆ ಯಾರೂ ಹೇಳದಿರಲಿ.

ಹರಿಹರ (ಮೂಳೆ ತಜ್ಞ)

ಪಾಸಿನಲ್ಲಿ ಉಳಿಸಿದ ಹಣವನ್ನು ವಿಮೆಗೆ ಹಾಕಿ ಎಂದು ಹೇಳಲು ಬರೆಯುತ್ತಿದ್ದೇನೆ. ಸ್ಕೀಯಿಂಗ್‌ನಲ್ಲಿ ಅತಿ ಹೆಚ್ಚು ಪೆಟ್ಟಾಗುವುದು ಮಂಡಿಗೆ, ಅದರಲ್ಲಿಯೂ ಮಂಡಿಯೊಳಗಿನ ಮುಂಭಾಗದ ಅಡ್ಡ ಅಸ್ಥಿರಜ್ಜು (ಎಸಿಎಲ್) ಹರಿಯುವುದು ಸಾಮಾನ್ಯ. ಬಾಡಿಗೆಯ ಅಂಗಡಿಯಲ್ಲಿ ತೂಕ, ಎತ್ತರ, ವಯಸ್ಸು, ಬೂಟಿನ ಅಳತೆ, ಅನುಭವದ ಮಟ್ಟ ಇಷ್ಟನ್ನೂ ಕೇಳಿ, ಬಿದ್ದಾಗ ಬೂಟು ಸ್ಕೀಯಿಂದ ಕಳಚಿಕೊಳ್ಳುವಂತೆ ಬೈಂಡಿಂಗ್‌ನ, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿಯ, ಬಿಗಿಯನ್ನು ಹೊಂದಿಸುತ್ತಾರೆ. ಅಭಿಮಾನಕ್ಕೋ ನಾಚಿಕೆಗೋ ತೂಕವನ್ನು ತಪ್ಪು ಹೇಳಬೇಡಿ, ಅನುಭವ ಇದೆಯೆಂದೂ ಹೇಳಬೇಡಿ. ಬೈಂಡಿಂಗ್ ಕಳಚದಿದ್ದರೆ ತಿರುಚುವುದು ಮಂಡಿ.

ಜರ್ಮನಿಯ ವಿದ್ಯಾರ್ಥಿ ಆರೋಗ್ಯ ವಿಮೆ ಆಸ್ಪತ್ರೆಯ ಚಿಕಿತ್ಸೆಯನ್ನು ನೋಡಿಕೊಳ್ಳುತ್ತದೆ, ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಇಳಿಸಿದ ವೆಚ್ಚವನ್ನೆಲ್ಲ ಅದು ಕೊಡುತ್ತದೆಂದು ಭಾವಿಸಬಾರದು. ಸ್ವಿಟ್ಜರ್ಲೆಂಡಿನ ಕಡ್ಡಾಯ ವಿಮೆಯೂ ರಕ್ಷಣಾ ವೆಚ್ಚದ ಅರ್ಧವನ್ನು, ಅದನ್ನೂ ವರ್ಷಕ್ಕೆ 5,000 ಫ್ರಾಂಕ್ ಮಿತಿಯೊಳಗೆ ಮಾತ್ರ ಕೊಡುತ್ತದೆ. ಜರ್ಮನಿ ಮತ್ತು ಆಸ್ಟ್ರಿಯಾದಲ್ಲಿ ಪರ್ವತಾರೋಹಿಗಳ ಕೂಟಗಳಾದ ಆಲ್ಪೈನ್ ಸಂಘಗಳ ಸದಸ್ಯತ್ವದಲ್ಲಿ 25,000 ಯೂರೋವರೆಗಿನ ರಕ್ಷಣಾ ವಿಮೆ ಸೇರಿದೆ. ಇಟಲಿಗೆ ಹೋಗುವವರಿಗೆ 2022ರ ಜನವರಿಯಿಂದ ಇತರರಿಗೆ ಮಾಡುವ ಹಾನಿಯ ವಿಮೆಯೂ, 2025ರ ನವೆಂಬರ್‌ನಿಂದ ಎಲ್ಲ ವಯಸ್ಸಿನವರಿಗೆ ಹೆಲ್ಮೆಟ್ ಕೂಡ ಕಡ್ಡಾಯ. ಊರಿನಲ್ಲಿರುವ ಈ ವಾರಗಳಲ್ಲಿ ಕುಂದವಾಡ ಕೆರೆಯ ಸುತ್ತ ನಡೆಯುವುದರ ಜೊತೆಗೆ ತೊಡೆಯ ಸ್ನಾಯುಗಳಿಗೆ ಬಸ್ಕಿ ಹೊಡೆಯಿರಿ. ಎರಡನೇ ದಿನ ಮಧ್ಯಾಹ್ನ ತೊಡೆ ಸೋತಾಗಲೇ ಹೊಸಬರು ಬೀಳುವುದು.

ವಿದ್ಯಾನಗರ, ದಾವಣಗೆರೆ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಿನ್ನೆ ರಾತ್ರಿ ಅಪ್ಪನೊಂದಿಗೆ ಕುಳಿತು ಲೆಕ್ಕ ಹಾಕಿದೆ. ಋತು ಪಾಸಿನ ಬೆಲೆಯನ್ನು ಒಂದು ದಿನದ ಪಾಸಿನ ಬೆಲೆಯಿಂದ ಭಾಗಿಸಿದಾಗ, ನಾನು ಕನಿಷ್ಠ ಎಷ್ಟು ದಿನ ಹೋದರೆ ಲಾಭವೆಂಬುದು ತಿಳಿಯಿತು. ನನ್ನ ತರಗತಿಗಳು ಫೆಬ್ರವರಿ ಆರಂಭದವರೆಗೆ ಇದ್ದು, ಅದರ ಹಿಂದೆಯೇ ಪರೀಕ್ಷೆಗಳು ಬರುತ್ತವೆ. ಆ ನಡುವೆ ನನಗೆ ಬಿಡುವಿರುವ ದಿನಗಳನ್ನು ಎಣಿಸಿದರೆ ಆ ಸಂಖ್ಯೆಯ ಅರ್ಧವೂ ಆಗಲಿಲ್ಲ. ಆದ್ದರಿಂದ ಋತು ಪಾಸನ್ನು ಕೈಬಿಟ್ಟೆ.

ಜೆಡ್‌ಎಚ್‌ಎಸ್‌ನ ಹೊಸಬರ ತರಬೇತಿಗೆ ನೋಂದಣಿ ತೆರೆದ ದಿನವೇ ಹೆಸರು ಕೊಡುತ್ತೇನೆ. ಪರೀಕ್ಷೆ ಮುಗಿದ ಮೇಲೆ ಮಾರ್ಚ್‌ನಲ್ಲಿ, ಇಲ್ಲಿ ಶಿವರಾತ್ರಿ ಕಳೆದು ಬಿಸಿಲೇರುವ ಹೊತ್ತಿಗೆ, ಅಲ್ಲಿ ದಿನಗಳು ಉದ್ದವಾಗಿ ವಾರದ ನಡುವೆ ಜನ ಕಡಿಮೆ ಇರುತ್ತಾರೆ. ಆಗ ಜರ್ಮನಿಯಾದ್ಯಂತ ಸಲ್ಲುವ ತಿಂಗಳ ಪಾಸಾದ ಡಾಯ್ಚ್‌ಲಾಂಡ್ ಟಿಕೆಟ್‌ನಲ್ಲಿ ಪ್ರಾದೇಶಿಕ ರೈಲು ಹತ್ತಿ ಗಾರ್ಮಿಶ್ ಎಂಬ ಸ್ಕೀ ತಾಣಕ್ಕೆ ಹೋಗಿ, ಮುಂಚಿತವಾಗಿ ಕೊಂಡ ಎರಡು ಮೂರು ದಿನದ ಪಾಸ್‌ಗಳಲ್ಲಿ ಅಭ್ಯಾಸ ಮಾಡಬಹುದು. ಜರ್ಮನಿಯ ಆಲ್ಪೈನ್ ಸಂಘದ ಕಿರಿಯರ ದರವೂ 24 ವರ್ಷದವರೆಗೆ ಮಾತ್ರ ಇರುವುದರಿಂದ ಅಲ್ಲಿ ಪೂರ್ಣ ಶುಲ್ಕವನ್ನೇ ಕಟ್ಟುತ್ತೇನೆ. ಡಾಕ್ಟರರ ಮಾತು ಓದಿದ ಮೇಲೆ ಅದರಲ್ಲಿ ಹಿಂದೆಮುಂದೆ ನೋಡುವುದಿಲ್ಲವೆಂದು ಅಪ್ಪ ತಾವೇ ಹೇಳಿದರು.

ಇಂದು ಬೆಳಗ್ಗೆಯಿಂದ ಬಸ್ಕಿ ಆರಂಭಿಸಿದ್ದೇನೆ. ಇನ್ಸ್‌ಬ್ರುಕ್‌ನವರಲ್ಲಿ ಒಂದು ಪ್ರಶ್ನೆ ಉಳಿದಿದೆ: ತರಬೇತಿಯ ವಾರಕ್ಕೆ ಹೆಲ್ಮೆಟ್ ಮತ್ತು ಬೂಟನ್ನು ಮ್ಯೂನಿಕ್‌ನಲ್ಲಿಯೇ ಬಾಡಿಗೆಗೆ ಪಡೆಯುವುದು ಒಳ್ಳೆಯದೋ, ತಾಣದಲ್ಲಿ ಪಡೆಯುವುದು ಒಳ್ಳೆಯದೋ?

ಇನ್ಸ್‌ಬ್ರುಕ್‌ನಿಂದ, ಮೂಲ ಊರು ಹಿರಿಯೂರು

ನಗರದಲ್ಲಿ ಬಾಡಿಗೆ ಸಾಮಾನ್ಯವಾಗಿ ಕಡಿಮೆ, ಆದರೆ ಮೊದಲ ವಾರ ತಾಣದಲ್ಲಿಯೇ ಪಡೆಯಿರಿ. ಬೂಟು ಕಾಲನ್ನು ಒತ್ತಿದರೆ ಅಂದೇ ಮಧ್ಯಾಹ್ನ ಹೋಗಿ ಬದಲಾಯಿಸಿಕೊಳ್ಳಬಹುದು. ಒಳಗೆ ಒಂದೇ ಜೊತೆ ತೆಳುವಾದ ಉದ್ದ ಕಾಲುಚೀಲ ಸಾಕು. ಚಳಿಯೆಂದು ಎರಡು ಹಾಕಿಕೊಂಡರೆ ರಕ್ತಸಂಚಾರ ತಗ್ಗಿ ಕಾಲು ಇನ್ನಷ್ಟು ತಣ್ಣಗಾಗುತ್ತದೆ.